ಟೀ ಹೊತ್ತಲ್ಲಿ ಮೈಕ್ ಆಫ್ ಮಾಡಿ: ನಮ್ಮ ಡಿ ಅಂಡ್ ಡಿ ಪಾಡ್‌ಕಾಸ್ಟ್ ಮುಳುಗಿದ ಕಥೆ

ಭಾನುವಾರ ನಾಲ್ಕೈದು ಜನ ಗೆಳೆಯರು ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದೀರಾ? ಆಟ ಚೆನ್ನಾಗಿ ಕೂತಿದೆ, ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದೀರಿ, ಅಷ್ಟರಲ್ಲಿ ಯಾರೋ ಒಬ್ಬರು "ಇದನ್ನ ರೆಕಾರ್ಡ್ ಮಾಡಿ ಹಾಕಿದ್ರೆ ಹೆಂಗೆ?" ಅಂದರಾ? ಹಾಗಾದರೆ ಮೊದಲು ಇದನ್ನು ಓದಿ. ರೆಕಾರ್ಡ್ ಮಾಡಲೇಬೇಡಿ ಅಂತ ಹೇಳುತ್ತಿಲ್ಲ. ನಾವು ಮಾಡಿದ ಹಾಗೆ ಮಾಡಬೇಡಿ, ಅಷ್ಟೇ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟ. ಒಬ್ಬರು ಕಥೆ ನಡೆಸುತ್ತಾರೆ, ಅವರಿಗೆ ಡಿಎಂ (ಡಂಜನ್ ಮಾಸ್ಟರ್) ಅನ್ನುತ್ತಾರೆ. ಉಳಿದವರು ಒಂದೊಂದು ಪಾತ್ರ ಆಗುತ್ತಾರೆ. ಏನಾದರೂ ಸಾಹಸ ಮಾಡಬೇಕಾದರೆ 20 ಮುಖದ ದಾಳ ಹಾಕಬೇಕು, ಬಿದ್ದ ಸಂಖ್ಯೆ ಮೇಲೆ ನಿಮ್ಮ ಹಣೆಬರಹ, ದೊಡ್ಡದು ಬಿದ್ದಷ್ಟೂ ಒಳ್ಳೆಯದು. ಈ ಆಟವನ್ನು ಹಾಗೇ ರೆಕಾರ್ಡ್ ಮಾಡಿ ಜನರಿಗೆ ಕೇಳಿಸುವ ಪಾಡ್‌ಕಾಸ್ಟುಗಳು ಬೇಕಾದಷ್ಟಿವೆ. ಅಮೆರಿಕದ ಮೂವರು ಅಣ್ಣತಮ್ಮಂದಿರು ತಮ್ಮ ಅಪ್ಪನನ್ನೂ ಕೂರಿಸಿಕೊಂಡು 2014ರಲ್ಲಿ ಶುರು ಮಾಡಿದ 'ದಿ ಅಡ್ವೆಂಚರ್ ಝೋನ್', 2015ರಲ್ಲಿ ಡಬ್ಬಿಂಗ್ ಕಲಾವಿದರ ಒಂದು ಗುಂಪು ಶುರು ಮಾಡಿದ 'ಕ್ರಿಟಿಕಲ್ ರೋಲ್', ಇವೆರಡನ್ನೂ ನಾವು ಹುಚ್ಚು ಹಿಡಿದವರ ಹಾಗೆ ಕೇಳುತ್ತಿದ್ದೆವು. ಅವರು ಸುಮ್ನೆ ಆಡುತ್ತಾ ಇದ್ದಾರೆ, ನಾವೂ ಸುಮ್ನೆ ಆಡುತ್ತಾ ಇದ್ದೀವಿ, ಇನ್ನೇನು ಬೇಕು ಅಂದುಕೊಂಡೆವು. ಅವರಲ್ಲಿ ಬಹಳ ಜನರಿಗೆ ಮೈಕಿನ ಮುಂದೆ ಕೂರುವುದೇ ಕಸುಬು ಅನ್ನುವುದು ತಲೆಗೆ ಹೋಗಲಿಲ್ಲ.

ನಾವು ಐದು ಜನ, ಎಲ್ಲರೂ ಬೆಂಗಳೂರಿನವರು. ಡಿಎಂ ನಾನು. ಉಳಿದವರ ಹೆಸರು ಬೇಡ, ಆಟದಲ್ಲಿ ಅವರೇನಾಗಿದ್ದರೋ ಹಾಗೇ ಕರೆಯುತ್ತೇನೆ: ವಿಜರ್ಡ್ (ಮಂತ್ರವಾದಿ), ಬಾರ್ಬೇರಿಯನ್ (ಒರಟು ಯೋಧ), ರೋಗ್, ಕ್ಲೆರಿಕ್ (ಪೂಜಾರಿ). (ರೋಗ್ ಅಂದರೆ ಕಳ್ಳ. ನಾವು ಅವನನ್ನು ರೋಗ ಅಂತಲೇ ಕರೆಯುತ್ತಿದ್ದೆವು, ಹೆಸರಿಗೆ ತಕ್ಕ ಹಾಗೇ ಇದ್ದ.) ಕಥೆ ನನ್ನದೇ. ಹಂಪಿಯಂಥದ್ದೊಂದು ಊರು, ಪಾಳು ಬಿದ್ದ ಪೇಟೆ, ಪಕ್ಕದಲ್ಲಿ ಬಂಡೆಗಳ ನಡುವೆ ಸುಳಿ ಸುಳಿಯಾಗಿ ಹರಿಯುವ ಹೊಳೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಆಡುತ್ತಿದ್ದೆವು. ಕನ್ನಡದಲ್ಲಿ ಬೈದರೆ ಡ್ರ್ಯಾಗನ್ನಿಗೂ ಜಾಸ್ತಿ ತಾಗುತ್ತೆ ಅನ್ನುವುದು ಬಾರ್ಬೇರಿಯನ್ ಕಂಡುಕೊಂಡ ಸತ್ಯ.

2022ರ ಅಕ್ಟೋಬರಿನಲ್ಲಿ ಶುರು ಮಾಡಿದೆವು, ಹದಿನೈದು ದಿನಕ್ಕೊಂದು ಎಪಿಸೋಡ್. ಮೊದಲೆರಡು ಸಲ ಟೇಬಲ್ ಮಧ್ಯೆ ಒಂದು ಫೋನ್ ಇಟ್ಟೆವು. ಕೇಳಿ ನೋಡಿದರೆ ಸೀಲಿಂಗ್ ಫ್ಯಾನು ಆರನೇ ಪಾತ್ರಧಾರಿ, ಪಕ್ಕದ ಮನೆ ಕುಕ್ಕರ್ ಏಳನೆಯದು. ಮರದ ಟೇಬಲ್ ಮೇಲೆ ದಾಳ ಬಿದ್ದಾಗಲೆಲ್ಲ ಪಟಾಕಿ ಹೊಡೆದ ಹಾಗೆ. ಟವೆಲ್ ಮಡಚಿ ಹಾಸಿ ಅದರ ಮೇಲೆ ದಾಳ ಹಾಕಿ, ಆ ಸದ್ದು ಹೋಗುತ್ತೆ, ಇದಕ್ಕೆ ದುಡ್ಡು ಬೇಕಾಗಿಲ್ಲ. ಫ್ಯಾನ್ ಆರಿಸಿ, ಬೆವರಿ. ಚಿಪ್ಸ್ ಪ್ಯಾಕೆಟ್ ಬೇಡವೇ ಬೇಡ. ಆಮೇಲೆ ಒಂದು ಒಳ್ಳೆ ಯುಎಸ್‌ಬಿ ಮೈಕ್ ತಂದು ಮಧ್ಯದಲ್ಲಿಟ್ಟೆವು. ಐದು ಜನ, ಒಂದು ಮೈಕ್, ಒಂದೇ ಟ್ರ್ಯಾಕ್, ಅಂದರೆ ಎಲ್ಲರ ದನಿಯೂ ಒಂದರಲ್ಲೇ ಬೆರೆತು ರೆಕಾರ್ಡ್ ಆಗುವುದು. ಸದ್ದು ಸುಧಾರಿಸಿತು, ನಾವು ಗೆದ್ದೆವು ಅಂದುಕೊಂಡೆವು. ಮುಂದಿನ ಅನಾಹುತಕ್ಕೆಲ್ಲ ಬೀಜ ಬಿದ್ದಿದ್ದು ಆ ಒಂದೇ ಟ್ರ್ಯಾಕಿನಲ್ಲಿ.

ಎಡಿಟಿಂಗ್ ನನ್ನ ಪಾಲಿಗೆ ಬಂತು. ನಾಲ್ಕು ಗಂಟೆ ಆಟವನ್ನು ಒಂದೂವರೆ ಗಂಟೆಗೆ ಇಳಿಸಬೇಕಾದರೆ ನನಗೆ ಎರಡು ಮೂರು ರಾತ್ರಿ ಹೋಗುತ್ತಿತ್ತು. ಆಫೀಸಿಂದ ಬಂದು, ಊಟ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಒಂದು ಗಂಟೆವರೆಗೆ ಕತ್ತರಿಸುವುದು. ಮೂರನೇ ಎಪಿಸೋಡಿಗೆ ಒಂದು ಸಿನಿಮಾದ ಹಿನ್ನೆಲೆ ಸಂಗೀತ ಹಾಕಿ ಯೂಟ್ಯೂಬಿನಲ್ಲಿ ಕಾಪಿರೈಟ್ ಕ್ಲೇಮ್ ತಿಂದೆ. ಅದು ನನ್ನದೇ ತಪ್ಪು, ಉದ್ದಕ್ಕೆ ಹೇಳುವಂಥದ್ದಲ್ಲ.

2023ರ ಜನವರಿಯಲ್ಲಿ ಇನ್ನೊಂದು ಗಲಾಟೆ ಎದ್ದಿತು, ಈ ಆಟ ಆಡುವವರಿಗೆ ನೆನಪಿರುತ್ತೆ. ಆಟದ ನಿಯಮಗಳನ್ನು ಬೇರೆಯವರೂ ಬಳಸಲು ಬಿಡುವ, 2000ದಿಂದ ಇದ್ದ ಓಪನ್ ಗೇಮ್ ಲೈಸೆನ್ಸ್ ಬದಲಾಗುತ್ತೆ ಅಂತ ಅದರ ಕರಡು ಸೋರಿಕೆಯಾಗಿ, ಜಗತ್ತಿನ ಆಟಗಾರರೆಲ್ಲ ತಿರುಗಿಬಿದ್ದು, ಕೊನೆಗೆ ಆ ತಿಂಗಳ 27ಕ್ಕೆ ಆಟದ ಕಂಪನಿಯೇ ಹಿಂದೆ ಸರಿದು ಆಟದ ಮೂಲ ನಿಯಮಗಳನ್ನು, ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿಗೆ ಬಿಟ್ಟುಕೊಟ್ಟಿತು. ಆ ಮೂರು ವಾರ ನಾನು ರಾತ್ರಿ ಕೂತು ಲೈಸೆನ್ಸಿನ ಸಾಲು ಸಾಲು ಓದಿದ್ದೇನೆ. ನಮ್ಮ ಪಾಡ್‌ಕಾಸ್ಟಿಗೆ ಏನಾಗಬಹುದು, ಯಾವ ಹಕ್ಕು ಯಾರದ್ದು ಅಂತ ಚಿಂತೆ. ಅಷ್ಟು ದೂರದ ಕಂಪನಿಯ ಹಕ್ಕಿನ ಬಗ್ಗೆ ಅಷ್ಟು ಓದಿದವನು, ಎದುರಿಗೆ ಕೂತ ನಾಲ್ಕು ಜನರ ದನಿ ಯಾರದ್ದು ಅಂತ ಒಂದು ಸಲವೂ ಕೇಳಲಿಲ್ಲ.

ಕೇಳುವವರು ಜಾಸ್ತಿ ಇರಲಿಲ್ಲ. ಒಂದು ಎಪಿಸೋಡಿಗೆ ಇನ್ನೂರರ ಆಸುಪಾಸು. ಆದರೆ ಅಭಿಮಾನಿಗಳು ಅಂದರೆ ಅಭಿಮಾನಿಗಳು! ಯಾರೋ ಬಾರ್ಬೇರಿಯನ್ನಿನ ಚಿತ್ರ ಬರೆದು ಕಳಿಸಿದರು. ಹರಿಗೋಲಿನಲ್ಲಿ ಹೊಳೆ ದಾಟುವ ಎಪಿಸೋಡ್ ಕೇಳುತ್ತಾ ಬಸ್ಸಿನಲ್ಲಿ ಒಬ್ಬನೇ ನಕ್ಕು ಕಂಡಕ್ಟರ್ ಹತ್ತಿರ ಬೈಸಿಕೊಂಡೆ ಅಂತ ಇನ್ನೊಬ್ಬರು ಬರೆದರು. ಆ ಎಪಿಸೋಡು ನಿಜಕ್ಕೂ ಚೆನ್ನಾಗಿತ್ತು. ಹರಿಗೋಲು ಗಿರಗಿರ ತಿರುಗುತ್ತಿದೆ, ರೋಗ ದಾಳ ಹಾಕಿದರೆ ಒಂದು ಬಿತ್ತು, ಮತ್ತೆ ಹಾಕಿದರೆ ಮತ್ತೆ ಒಂದು, ಕ್ಲೆರಿಕ್ ಮಂತ್ರ ಹೇಳುವುದು ಬಿಟ್ಟು ಅವನ ಜುಟ್ಟು ಹಿಡಿದುಕೊಂಡು ದಡ ಸೇರಿಸಿದಳು.

ಈಗ ಅಸಲಿ ವಿಷಯ.

ನಮ್ಮ ಆಟ ನಾಲ್ಕು ಗಂಟೆ ಅಂದೆನಲ್ಲ, ಮಧ್ಯೆ ಟೀ ಇರುತ್ತಿತ್ತು. ಟೀ ಹೊತ್ತಲ್ಲಿ ರೆಕಾರ್ಡಿಂಗ್ ನಿಲ್ಲಿಸುತ್ತಿರಲಿಲ್ಲ. ಒಂದು ಸಲ ನಿಲ್ಲಿಸಿ, ಮತ್ತೆ ಒತ್ತುವುದನ್ನು ಮರೆತು, ಅರ್ಧ ಆಟ ಕಳೆದುಕೊಂಡಿದ್ದೆವು. ಅದಕ್ಕೇ "ಓಡ್ತಾ ಇರ್ಲಿ ಬಿಡು, ಆಮೇಲೆ ಕಟ್ ಮಾಡ್ತೀನಿ" ಅಂದಿದ್ದೆ. ಹಾಗಂದವನು ನಾನೇ.

ಆ ದಿನ ಟೀ ಮುಗಿಯುತ್ತಾ ಬಂದಿತ್ತು. ರೋಗ ಆಗಲೇ ಆಟ ಶುರು ಮಾಡಿಕೊಂಡು ಯಾವುದೋ ಬಾಗಿಲಿನ ಬೀಗ ತೆಗೆಯುತ್ತೀನಿ ಅಂತ ಜೋರಾಗಿ ಹೇಳುತ್ತಿದ್ದ. ಅವನ ಮಾತಿನ ಹಿಂದೆ ಕ್ಲೆರಿಕ್ ಬಾರ್ಬೇರಿಯನ್ ಹತ್ತಿರ ಮೆಲ್ಲಗೆ, ಮುಂದಿನ ತಿಂಗಳು ಪೇಪರ್ ಹಾಕುತ್ತೀನಿ, ಇನ್ನೊಂದು ಕಡೆ ಆಫರ್ ಕೈಗೆ ಬಂದಿದೆ ಅಂದಳು. ಜೊತೆಗೆ ತನ್ನ ಮ್ಯಾನೇಜರ್ ಬಗ್ಗೆ ಒಂದು ಮಾತು. ಒಟ್ಟು ಒಂಬತ್ತು ಸೆಕೆಂಡ್. ಟೀ ಭಾಗವನ್ನೆಲ್ಲ ತೆಗೆದ ನಾನು ಬೀಗದ ಜೋಕು ಉಳಿಸಿಕೊಳ್ಳೋಣ ಅಂತ ಆ ಒಂಬತ್ತು ಸೆಕೆಂಡ್ ಬಿಟ್ಟೆ. ರಾತ್ರಿ ಒಂದು ಗಂಟೆಗೆ ನನ್ನ ಕಿವಿಗೆ ರೋಗನ ದನಿ ಮಾತ್ರ ಕೇಳಿಸಿತು.

ಅವಳ ಆಫೀಸಿನ ಒಬ್ಬರಿಗೆ ಅವಳ ದನಿ ಕೇಳಿಸಿತು. ಅವಳೇ ಹೆಮ್ಮೆಯಿಂದ ಪಾಡ್‌ಕಾಸ್ಟ್ ಲಿಂಕ್ ಕೊಟ್ಟಿದ್ದ ಸಹೋದ್ಯೋಗಿ. ಅವಳು ಪೇಪರ್ ಹಾಕುವ ಮೊದಲೇ ವಿಷಯ ಮ್ಯಾನೇಜರ್ ಟೇಬಲ್ಲಿಗೆ ಹೋಯಿತು. ಆಮೇಲೆ ಅವಳಿಗೆ ಅಲ್ಲಿ ಏನೇನಾಯಿತು ಅನ್ನುವುದನ್ನು ಬರೆಯುವುದಿಲ್ಲ. ಚೆನ್ನಾಗಿರಲಿಲ್ಲ ಅಂತ ತಿಳಿದುಕೊಳ್ಳಿ.

ನನಗೆ ಫೋನ್ ಮಾಡಿದಾಗ ಅವಳು ಕೂಗಾಡಲಿಲ್ಲ. "ಅದು ನಿನಗೆ ಕೇಳಿಸ್ಲಿಲ್ವೇನೋ?" ಅಂದಳು, ಅಷ್ಟೇ.

ಸರಿಪಡಿಸಲು ಹೋದಾಗ ಒಂದೊಂದೇ ಗೊತ್ತಾಯಿತು. ಮೊದಲನೆಯದು, ಒಂದೇ ಟ್ರ್ಯಾಕು. ಅವಳ ದನಿ ಮಾತ್ರ ತೆಗೆಯಲು ಆಗಲಿಲ್ಲ, ಇಡೀ ತುಣುಕನ್ನೇ ಕತ್ತರಿಸಿದೆ. ಅದು ಸಣ್ಣದು. ದೊಡ್ಡದು ಏನು ಅಂದರೆ, ಹೊಸ ಫೈಲ್ ಹಾಕಿದರೂ ಹಳೆಯದು ವಾಪಸ್ ಬರುವುದಿಲ್ಲ. ಪಾಡ್‌ಕಾಸ್ಟ್ ಆ್ಯಪುಗಳು ಎಪಿಸೋಡನ್ನು ಫೋನಿಗೆ ಇಳಿಸಿ ಇಟ್ಟುಕೊಂಡಿರುತ್ತವೆ. ಒಮ್ಮೆ ಇಳಿದ ಕಾಪಿ ಆ ಫೋನಿನಲ್ಲಿ ಹಾಗೇ ಕೂತಿರುತ್ತೆ, ನೀವು ಇಲ್ಲಿಂದ ಏನು ಬದಲಾಯಿಸಿದರೂ ಅದಕ್ಕೆ ಗೊತ್ತೇ ಆಗಲ್ಲ. ಯೂಟ್ಯೂಬಿನಲ್ಲೂ ಅದೇ ಲಿಂಕಿನಲ್ಲಿ ಹೊಸ ವಿಡಿಯೊ ಕೂರಿಸಲು ಆಗುವುದಿಲ್ಲ. ಅಲ್ಲೇ ಎಡಿಟರಿನಲ್ಲಿ ಕತ್ತರಿಸಿ, ಅದು ಮುಗಿಯುವವರೆಗೆ ಕಾಯಬೇಕು, ಇಲ್ಲವೇ ಡಿಲೀಟ್ ಮಾಡಬೇಕು.

ಎರಡು ದಿನ ಬಿಟ್ಟು ಕ್ಲೆರಿಕ್ ಮತ್ತೆ ಫೋನ್ ಮಾಡಿದಳು. ಆ ಒಂದು ಎಪಿಸೋಡ್ ಅಲ್ಲ, ನನ್ನ ದನಿ ಇರುವುದನ್ನೆಲ್ಲ ತೆಗಿ ಅಂದಳು. ನ್ಯಾಯವೇ. ಆದರೆ ಒಂದೇ ಟ್ರ್ಯಾಕಿನಲ್ಲಿ ಅವಳ ದನಿ ತೆಗೆಯುವುದು ಅಂದರೆ ಎಲ್ಲ ಎಪಿಸೋಡನ್ನೂ ತೆಗೆಯುವುದು ಅಂತಲೇ ಅರ್ಥ. ಇಲ್ಲಿ ವಿಜರ್ಡ್ ಅಡ್ಡ ನಿಂತ. ಎಪಿಸೋಡುಗಳನ್ನು ಹಾಕುವ ಹೋಸ್ಟಿಂಗ್ ಅಕೌಂಟ್ ಅವನ ಈಮೇಲಿನಲ್ಲಿತ್ತು, ದುಡ್ಡು ಅವನ ಕಾರ್ಡಿನಿಂದ ಹೋಗುತ್ತಿತ್ತು, ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು. ಯಾರೂ ಹಾಗೆ ತೀರ್ಮಾನ ಮಾಡಿದ್ದಲ್ಲ, ಮೊದಲ ದಿನ ಅವನ ಲ್ಯಾಪ್‌ಟಾಪ್ ತೆರೆದಿತ್ತು, ಹಾಗಾಗಿ ಅವನ ಹೆಸರಲ್ಲೇ ಮಾಡಿಕೊಂಡೆವು. "ಒಬ್ಬರಿಗೋಸ್ಕರ ಐದು ಜನರ ಎಂಟು ತಿಂಗಳ ಕೆಲಸ ಮಣ್ಣು ಮಾಡ್ಬೇಕಾ?" ಅಂದ. ಅವನ ಮಾತಿನಲ್ಲೂ ನೋವಿತ್ತು, ಸುಳ್ಳು ಹೇಳಬಾರದು. ನಾನು ಮಧ್ಯೆ ಕೂತು ಹತ್ತು ದಿನ ಇಬ್ಬರಿಗೂ "ನೋಡೋಣ, ನೋಡೋಣ" ಅಂದೆ. ಆಟದಲ್ಲಿ ಎರಡು ಸೆಕೆಂಡಿನಲ್ಲಿ ತೀರ್ಪು ಕೊಡುತ್ತಿದ್ದ ಡಿಎಂ ಇವನೇ.

ಹನ್ನೊಂದನೇ ದಿನ ಮಧ್ಯರಾತ್ರಿ ವಿಜರ್ಡ್ ಸಿಟ್ಟಿನಲ್ಲಿ ಅಕೌಂಟನ್ನೇ ಅಳಿಸಿದ. 16 ಎಪಿಸೋಡ್, ಎಲ್ಲವೂ ಹೋದವು. ನನ್ನ ಹತ್ತಿರ ಮೂಲ ರೆಕಾರ್ಡಿಂಗ್ ಇದೆಯಲ್ಲ ಅಂತ ನೋಡಿದರೆ, ಲ್ಯಾಪ್‌ಟಾಪಿನಲ್ಲಿ ಜಾಗ ಇಲ್ಲ ಅಂತ ಎಪಿಸೋಡ್ ಹಾಕಿದ ಮೇಲೆ ಒಂದೊಂದಾಗಿ ನಾನೇ ಡಿಲೀಟ್ ಮಾಡಿದ್ದೆ. ಕುಗ್ಗಿಸದೆ ಉಳಿಸುವ ಡಬ್ಲ್ಯೂಎವಿ ಫೈಲು ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 5 ಎಂಬಿ ತಿನ್ನುತ್ತೆ, ನಾಲ್ಕು ಗಂಟೆಗೆ 1.2 ಜಿಬಿ. ಹಾರ್ಡ್ ಡಿಸ್ಕ್ ತೆಗೆದುಕೊಳ್ಳುವುದು ಬಿಟ್ಟು ನಾನು ಉಳಿತಾಯ ಮಾಡಿದ್ದೆ.

ಒಂದು ವಾರ ಕಳೆದು ಮೈಸೂರಿನ ಒಬ್ಬ ಕೇಳುಗರಿಂದ ಮೆಸೇಜ್ ಬಂತು. "ಸಾರ್, ಎಪಿಸೋಡುಗಳು ಕಾಣ್ತಿಲ್ಲ. ಹದಿನಾರನೇದು ನನ್ನ ಫೋನಲ್ಲಿದೆ, ಕಳಿಸ್ಲಾ?" ಜೊತೆಗೆ ಫೈಲೂ ಇತ್ತು. ತೆರೆದು ಕೇಳಿದೆ. ಮೊದಲ ದಿನ ಹಾಕಿದ ಕಾಪಿ, ಒಂಬತ್ತು ಸೆಕೆಂಡ್ ಹಾಗೇ ಇದ್ದವು. ನಮಗೆ ಬೇಕಾಗಿದ್ದ ಹರಿಗೋಲು ಎಲ್ಲೂ ಸಿಗಲಿಲ್ಲ, ಬೇಡವಾಗಿದ್ದು ತಾನಾಗೇ ಬಾಗಿಲಿಗೆ ಬಂತು. ಪಾಪ ಒಳ್ಳೆ ಮನಸ್ಸಿನಿಂದ ಕಳಿಸಿದವರಿಗೆ ದಯವಿಟ್ಟು ಅಳಿಸಿಬಿಡಿ ಅಂತ ಬೇಡಿಕೊಂಡೆ. ಅಳಿಸಿದೆ ಅಂದರು. ಇನ್ನೂ ಎಷ್ಟು ಫೋನಿನಲ್ಲಿದೆಯೋ.

ಈ ಆಟ ಆಡುವವರಿಗೆ ಎಕ್ಸ್-ಕಾರ್ಡ್ ಗೊತ್ತಿರಬಹುದು. ಟೇಬಲ್ ಮೇಲೆ ಎಕ್ಸ್ ಅಂತ ಬರೆದ ಒಂದು ಚೀಟಿ ಇಟ್ಟಿರುತ್ತಾರೆ, ಕಥೆಯಲ್ಲಿ ಯಾರಿಗಾದರೂ ಹಿಂಸೆ ಆಗುವಂಥದ್ದು ಬಂದರೆ ಅದನ್ನು ಮುಟ್ಟಿದರೆ ಸಾಕು, ಆ ದೃಶ್ಯ ಅಲ್ಲಿಗೇ ಬಿಟ್ಟು ಮುಂದೆ ಹೋಗಬೇಕು, ಕಾರಣ ಕೇಳುವ ಹಾಗಿಲ್ಲ. ನಮ್ಮ ಟೇಬಲ್ ಮೇಲೂ ಇತ್ತು, ಚೆಂದ ಲ್ಯಾಮಿನೇಟ್ ಮಾಡಿಸಿದ್ದೆವು. ಅದು ಇದ್ದದ್ದು ಕಥೆಗೆ. ಅದರ ಪಕ್ಕದಲ್ಲೇ ಕೂತಿದ್ದ ಮೈಕಿಗೆ ಅಂಥ ಚೀಟಿ ಯಾವುದೂ ಇರಲಿಲ್ಲ.

ಈಗ ಬೇರೆ ಒಂದು ಗುಂಪು ಶುರು ಮಾಡುತ್ತಿದೆ, ನನ್ನನ್ನು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಟೀ ಬಂದರೆ ರೆಕಾರ್ಡಿಂಗ್ ನಿಲ್ಲಿಸಿ. ಮತ್ತೆ ಒತ್ತುವುದು ಮರೆತರೆ ಮರೆಯಲಿ, ಅರ್ಧ ಆಟ ಹೋದರೆ ಹೋಗಲಿ. ಒಬ್ಬೊಬ್ಬರಿಗೂ ಒಂದೊಂದು ಟ್ರ್ಯಾಕ್ ಇರಲಿ. ನಾಲ್ಕು ಮೈಕ್ ಸಿಗಿಸುವ ಝೂಮ್ ಎಚ್6 ಥರದ ರೆಕಾರ್ಡರ್ ಬಾಡಿಗೆಗೆ ಸಿಕ್ಕರೆ ತನ್ನಿ. ಇಲ್ಲವಾದರೆ ಒಬ್ಬೊಬ್ಬರೂ ಇಯರ್‌ಫೋನ್ ಮೈಕ್ ಹಾಕಿಕೊಂಡು ತಮ್ಮ ಫೋನಿನಲ್ಲೇ ರೆಕಾರ್ಡ್ ಮಾಡಿ, ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆಯಿರಿ, ಆಮೇಲೆ ಆ ಸದ್ದಿಟ್ಟುಕೊಂಡು ಎಲ್ಲ ಫೈಲುಗಳನ್ನೂ ಹೊಂದಿಸಬಹುದು. ಕೊನೆಗೂ ಒಂದು ಚಪ್ಪಾಳೆ ಬೇಕು, ಯಾಕೆಂದರೆ ಗಂಟೆಗಟ್ಟಲೆ ಓಡಿದರೆ ಫೋನುಗಳು ಸ್ವಲ್ಪ ಸ್ವಲ್ಪ ಹಿಂದೆ ಮುಂದೆ ಆಗುತ್ತವೆ. ಆನ್‌ಲೈನಿನಲ್ಲಿ ಮಾತಾಡುವ ಡಿಸ್ಕಾರ್ಡ್ ಆ್ಯಪಿನಲ್ಲಿ ಆಡುವವರಿಗೆ ಕ್ರೇಗ್ ಅನ್ನುವ ಬಾಟ್ ಇದೆ, ಅದೇ ಒಬ್ಬೊಬ್ಬರ ದನಿಯನ್ನೂ ಬೇರೆ ಬೇರೆ ಮಾಡಿ ಕೊಡುತ್ತೆ. ಆದರೆ ಒಂದೇ ರೂಮಿನಲ್ಲಿ ಕೂತರೆ ನಿಮ್ಮ ದನಿ ಪಕ್ಕದವರ ಮೈಕಿನಲ್ಲೂ ಬಿದ್ದೇ ಬೀಳುತ್ತೆ. ಹಾಗಾಗಿ ಟ್ರ್ಯಾಕ್ ಬೇರೆ ಇದೆ ಅಂತ ನಂಬಿಕೊಂಡು ಟೀ ಹೊತ್ತಲ್ಲಿ ಓಡಿಸಬೇಡಿ.

ಎಡಿಟ್ ಆದ ಎಪಿಸೋಡನ್ನು ಹಾಕುವ ಮೊದಲು ಎಲ್ಲರಿಗೂ ಕಳಿಸಿ, ಮೂರು ದಿನ ಕಾಯಿರಿ. ಒಬ್ಬರು ಬೇಡ ಅಂದರೆ ಬೇಡ, ಯಾಕೆ ಅಂತ ಕೇಳಬೇಡಿ. ಅಭಿಮಾನಿಗಳು ಮೂರು ದಿನ ಕಾಯುತ್ತಾರೆ, ಸಾಯುವುದಿಲ್ಲ. ಅಕೌಂಟ್ ಎಲ್ಲರಿಗೂ ಸೇರಿದ ಒಂದು ಈಮೇಲಿನಲ್ಲಿರಲಿ, ಪಾಸ್‌ವರ್ಡ್ ಕನಿಷ್ಠ ಇಬ್ಬರಿಗೆ ಗೊತ್ತಿರಲಿ. ಮೊದಲ ಎಪಿಸೋಡಿಗೂ ಮುಂಚೆ, ಇನ್ನೂ ಎಲ್ಲರೂ ನಗುತ್ತಾ ಇರುವಾಗಲೇ, ಯಾರಾದರೂ ಬಿಟ್ಟು ಹೋದರೆ ಹಳೆಯ ಎಪಿಸೋಡುಗಳನ್ನು ಏನು ಮಾಡೋದು ಅಂತ ಮಾತಾಡಿ ವಾಟ್ಸಾಪಿನಲ್ಲಾದರೂ ಬರೆದಿಟ್ಟುಕೊಳ್ಳಿ. ಆಗ ಅದು ಐದು ನಿಮಿಷದ ಮಾತು. ನಮಗೆ ಹನ್ನೊಂದು ದಿನ ಹಿಡಿಯಿತು, ಆದರೂ ಮುಗಿಯಲಿಲ್ಲ.

ವಿಜರ್ಡ್ ಈಗಲೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ. ಕ್ಲೆರಿಕ್ ಮಾತಾಡುತ್ತಾಳೆ. ಇದನ್ನು ಹಾಕುವ ಮೊದಲು ಅವಳಿಗೆ ಕಳಿಸಿ ಮೂರು ದಿನ ಕಾದೆ. ಎರಡು ಕಡೆ ತೆಗಿ ಅಂದಳು, ತೆಗೆದಿದ್ದೇನೆ. ಜುಟ್ಟು ಹಿಡಿದು ದಡ ಸೇರಿಸಿದ್ದು ಮಾತ್ರ ಇರಲಿ ಅಂದಳು.