‘ದಿ ವೇ ಆಫ್ ಕಿಂಗ್ಸ್’ ಆಡಿಯೋಬುಕ್: ಎರಡು ದನಿ, 45 ಗಂಟೆ

ಬ್ರಾಂಡನ್ ಸ್ಯಾಂಡರ್ಸನ್ ಅವರ ಫ್ಯಾಂಟಸಿ ಸರಣಿಯೊಂದರ ಮೊದಲ ಕಾದಂಬರಿ ‘ದಿ ವೇ ಆಫ್ ಕಿಂಗ್ಸ್’ 2010ರಲ್ಲಿ ಬಂತು. ಆಡಿಯೋಬುಕ್ ಸುಮಾರು 45 ಗಂಟೆ ಇದೆ. ದಿನಕ್ಕೊಂದು ಗಂಟೆ ಕೇಳಿದರೆ ಒಂದೂವರೆ ತಿಂಗಳು ಬೇಕು. ಆಡಿಯೋಬುಕ್ ಮಾರುವ ಆಡಿಬಲ್‌ನಲ್ಲಿ ಎಂಟು ಗಂಟೆಯ ಪುಸ್ತಕಕ್ಕೆ ಹೋಗುವ ಒಂದು ಕ್ರೆಡಿಟ್ಟೇ ಇದಕ್ಕೂ ಹೋಗುವುದರಿಂದ ದುಡ್ಡಿನ ಲೆಕ್ಕದಲ್ಲಿ ತಕರಾರಿಲ್ಲ. ಖಂಡಿತ ಕೇಳಿ. ಆದರೆ ಬರೀ ಕಿವಿಯನ್ನೇ ನೆಚ್ಚಿಕೊಂಡರೆ ಈ ಕಾದಂಬರಿಯ ಕೆಲವು ಸೊಗಸುಗಳು ಕೈತಪ್ಪುತ್ತವೆ.

ಓದಿರುವವರು ಮೈಕಲ್ ಕ್ರೇಮರ್ ಮತ್ತು ಕೇಟ್ ರೀಡಿಂಗ್, ನಿಜಜೀವನದಲ್ಲೂ ದಂಪತಿ. ಕಥೆ ಯಾರ ಕಣ್ಣಿನಿಂದ ನಡೆಯುತ್ತಿದೆ ಅನ್ನುವುದರ ಮೇಲೆ ದನಿ ಬದಲಾಗುತ್ತದೆ. ಮುಖ್ಯ ಪಾತ್ರಗಳಲ್ಲಿ ಕ್ಯಾಲಡಿನ್, ಡ್ಯಾಲಿನಾರ್ ಅಧ್ಯಾಯಗಳು ಕ್ರೇಮರ್ ಅವರವು, ಶಲ್ಲಾನ್ ಅಧ್ಯಾಯಗಳು ರೀಡಿಂಗ್ ಅವರವು. ಕ್ರೇಮರ್ ದನಿ ದಪ್ಪ, ನಿಧಾನ. ಸೇತುವೆ ಹೊರುವ ಆಳುಗಳ ಗುಂಪಿನಲ್ಲಿ ರಾಕ್ ಎಂಬವನು ಬಾಯಿಬಿಟ್ಟ ಕೂಡಲೇ ಅವನು ಬೇರೆ ಸೀಮೆಯವನೆಂದು ಗೊತ್ತಾಗುತ್ತದೆ. ತೊಡಕು ಬರುವುದು ಸರಣಿಯ 2014ರ ಎರಡನೇ ಪುಸ್ತಕದಲ್ಲಿ. ಅಲ್ಲಿ ಕ್ಯಾಲಡಿನ್ ಮತ್ತು ಶಲ್ಲಾನ್ ಎದುರುಬದುರಾಗುತ್ತಾರೆ, ಒಬ್ಬನೇ ಕ್ಯಾಲಡಿನ್ ಎರಡು ದನಿಯಲ್ಲಿ ಮಾತಾಡುತ್ತಾನೆ. ಒಂದೆರಡು ಅಧ್ಯಾಯ ಕಿರಿಕಿರಿಯಾಗುತ್ತದೆ, ಆಮೇಲೆ ಕಿವಿ ಒಗ್ಗಿಕೊಳ್ಳುತ್ತದೆ.

ಹೊಸಬರು ಅರ್ಧಕ್ಕೆ ಬಿಡುವುದು ಹೆಚ್ಚಾಗಿ ಮೊದಲ ಎರಡು ಗಂಟೆಯಲ್ಲೇ. ಕಾರಣ ಇಷ್ಟೇ: ಪೀಠಿಕೆಯಲ್ಲಿ ಕಲಕ್, ಮುನ್ನುಡಿಯಲ್ಲಿ ಸೆತ್, ಮೊದಲ ಅಧ್ಯಾಯದಲ್ಲಿ ಸೆನ್ ಎಂಬ ಹುಡುಗ, ಎರಡನೆಯದರಲ್ಲಿ ಕ್ಯಾಲಡಿನ್, ಮೂರನೆಯದರಲ್ಲಿ ಶಲ್ಲಾನ್. ಐದು ತುಣುಕಿಗೆ ಐದು ಜನ. ಮೊದಲ ಮೂವರ ಹೆಸರು ನೆನಪಿಟ್ಟುಕೊಳ್ಳಲು ಒದ್ದಾಡಬೇಡಿ, ಕ್ಯಾಲಡಿನ್ ಮತ್ತು ಶಲ್ಲಾನ್‌ರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮೊದಲ ಭಾಗ ಮುಗಿಯುವವರೆಗೆ ವೇಗ 1ರಲ್ಲೇ ಇರಲಿ. ಆಮೇಲೆ 1.25ಕ್ಕೆ ಏರಿಸಿದರೂ ಕ್ರೇಮರ್ ಮಾತು ಸ್ಪಷ್ಟವಾಗಿರುತ್ತದೆ. ಮೊದಲ ಭಾಗದ ಪ್ರತಿ ಅಧ್ಯಾಯದ ತಲೆಯಲ್ಲಿ ಸಾಯುತ್ತಿರುವವರೊಬ್ಬರ ಕೊನೆಯ ಮಾತು ಬರುತ್ತದೆ. ಕೇಳುವಾಗ ಅದು ಕಥೆಯ ಮೊದಲ ಸಾಲಿನಂತೆಯೇ ಜಾರಿಹೋಗುತ್ತದೆ. ಹಿಂದಕ್ಕೆ ಸರಿಸಿ ಇನ್ನೊಮ್ಮೆ ಕೇಳಿ. ಮುಂದೆ ಅದಕ್ಕೆ ಬೆಲೆ ಇದೆ.

ಕಿವಿಗೆ ದಕ್ಕದೆ ಹೋಗುವುದು ಕನ್ನಡಿಯಾಟ. ಶಲ್ಲಾನ್ ಪಾಲಿಸುವ ವೋರಿನ್ ಧರ್ಮದಲ್ಲಿ, ನಮ್ಮ ‘ವಿಕಟಕವಿ’ಯ ಹಾಗೆ ಹಿಂದಿನಿಂದ ಓದಿದರೂ ಅದೇ ಆಗುವ ಹೆಸರು ಪವಿತ್ರ. ಪೂರ್ತಿ ಹೊಂದಿದರೆ ಮನುಷ್ಯರಿಗೆ ಅದು ಅತಿಯಾಯಿತೆಂದು ಒಂದಕ್ಷರ ತಪ್ಪಿಸಿ ಇಡುತ್ತಾರೆ. ಅವಳು ಶಲ್ಲಶ್ ಅಲ್ಲ, ಶಲ್ಲಾನ್. ಇಂಗ್ಲಿಷಿನಲ್ಲಿ ಎಸ್, ಎಚ್ ಎಂದು ಎರಡಾಗುವುದು ಕನ್ನಡದಲ್ಲಿ ಒಂದೇ ಶಕಾರ, ಹಾಗಾಗಿ ನಮ್ಮ ಲಿಪಿಯಲ್ಲಿ ಬರೆದು ನೋಡಿದರೆ ಈ ಆಟ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಇದೇ ಬಗೆಯಲ್ಲಿ ಪುಸ್ತಕದ ಐದು ಭಾಗಗಳ ಶೀರ್ಷಿಕೆಗಳನ್ನು ಸಾಲಾಗಿ ಜೋಡಿಸಿದರೆ ಕೆಟೆಕ್ ಎಂಬ ಸಮರೂಪದ ಪದ್ಯವಾಗುತ್ತದೆ. ಕೇಳುವವರಿಗೆ ಒಂದು ಶೀರ್ಷಿಕೆಗೂ ಇನ್ನೊಂದಕ್ಕೂ ನಡುವೆ ಎಷ್ಟೋ ಗಂಟೆಗಳ ಅಂತರ! ಐದನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಶಲ್ಲಾನ್ ಬಿಡಿಸಿದ ಚಿತ್ರಗಳಿಗಾಗಿ ಲೈಬ್ರರಿಯಿಂದಾದರೂ ಮುದ್ರಿತ ಪ್ರತಿ ತಂದುಕೊಳ್ಳಿ.

ಗ್ರಾಫಿಕ್‌ಆಡಿಯೋ ಎಂಬ ಸಂಸ್ಥೆಯವರ ನಾಟಕರೂಪವೂ ಐದು ಕಂತುಗಳಲ್ಲಿದೆ. ಪಾತ್ರಕ್ಕೊಬ್ಬ ನಟ, ಹಿನ್ನೆಲೆ ಸದ್ದು ಎಲ್ಲ ಇದೆ. ಎರಡನೇ ಸಲ ಕೇಳಲು ಅದು ಚೆನ್ನ. ಮೊದಲ ಸಲಕ್ಕೆ ಲೇಖಕರ ವಾಕ್ಯಗಳು ಇದ್ದ ಹಾಗೇ ಸಿಗುವ ಕ್ರೇಮರ್, ರೀಡಿಂಗ್ ಅವರ ಓದೇ ಸರಿ.

ಹೆಸರುಗಳ ಉಚ್ಚಾರಣೆಗೆ ತಲೆ ಕೆಡಿಸಿಕೊಳ್ಳಬೇಡಿ. ಓದುಗರ ಪ್ರಶ್ನೆಗಳಿಗೆ ಸ್ಯಾಂಡರ್ಸನ್ ಕೊಡುವ ಉತ್ತರ ಉದಾರವಾದದ್ದು. ಅವರದೇ 2006ರ ಕಾದಂಬರಿ ‘ಮಿಸ್ಟ್‌ಬಾರ್ನ್’ನ ಕೆಲ್ಸಿಯರ್ ಎಂಬ ಪಾತ್ರದ ಹೆಸರನ್ನು ಆ ಲೋಕದವರು ಫ್ರೆಂಚರಂತೆ ‘ಕೆಲ್ಸಿಯೇ’ ಅನ್ನುತ್ತಾರಂತೆ, ಆದರೆ ಲೇಖಕರೇ ಅಮೆರಿಕನ್ನರ ಹಾಗೆ ರಕಾರ ಸೇರಿಸಿ ಹೇಳುತ್ತಾರೆ. ಕಥೆಯ ಗುಟ್ಟು ಕೇಳಿದವರಿಗೆ ಮಾತ್ರ ‘ಓದಿ ತಿಳಿದುಕೊಳ್ಳಿ’ ಎಂಬ ಅರ್ಥದ ಚೀಟಿ ಕೈಗಿಡುತ್ತಾರೆ. ಈ ಪ್ರಶ್ನೋತ್ತರಗಳನ್ನು ಅಭಿಮಾನಿಗಳು ‘ಆರ್ಕೇನಮ್’ ಎಂಬ ಜಾಲತಾಣದಲ್ಲಿ ತಾರೀಖಿನ ಸಮೇತ ಒಟ್ಟುಮಾಡಿದ್ದಾರೆ. ಮೊದಲ ಪುಸ್ತಕವಷ್ಟೇ ಮುಗಿಸಿದವರು 2014ರ ಮಾರ್ಚ್‌ಗಿಂತ ಹಿಂದಿನ ಉತ್ತರಗಳನ್ನು ಮಾತ್ರ ಓದಿ. ಎರಡನೆಯದು ಬಂದದ್ದು ಆ ತಿಂಗಳು, ಆಮೇಲಿನ ಉತ್ತರಗಳಲ್ಲಿ ಅದರ ಗುಟ್ಟು ಬಯಲಾಗಬಹುದು.