ರಾಗಿ ತುಂಬಿದ ಬೀನ್ ಬ್ಯಾಗ್: ಆರು ವರ್ಷ ಸಫಾರಿಗೆ ಹೊತ್ತ ಮೇಲೆ

ಕಳೆದ ಭಾನುವಾರ ಚೀಲದ ಬಾಯಿ ಬಿಚ್ಚಿ ಒಳಗಿನ ರಾಗಿಯನ್ನೆಲ್ಲ ಮೊರಕ್ಕೆ ಸುರಿದೆ. ಮೂರೂವರೆ ಕೆಜಿ. ವರ್ಷಕ್ಕೊಮ್ಮೆ ಇದೊಂದು ಕೆಲಸ ಇದ್ದೇ ಇರುತ್ತದೆ. ಮಹಡಿ ಮೇಲೆ ಹಳೇ ಸೀರೆ ಹಾಸಿ ರಾಗಿ ಹರವುವುದು, ಖಾಲಿ ಚೀಲವನ್ನು ಒಳಮಗ್ಗುಲು ಮಾಡಿ ಒಗೆದು ತಂತಿಗೆ ಹಾಕುವುದು, ಒಣಗಿದ ಮೇಲೆ ಹೊಲಿಗೆ ಒಂದೊಂದನ್ನೂ ಉಗುರಿನಿಂದ ಎಳೆದು ನೋಡುವುದು. ಲೆನ್ಸು, ಕ್ಯಾಮೆರಾಗಳ ವಿಮರ್ಶೆ ಬೇಕಾದಷ್ಟು ಸಿಗುತ್ತದೆ. ಆ ಲೆನ್ಸಿನ ಕೆಳಗೆ ಇಡುವ ಚೀಲದ ಬಗ್ಗೆ ಕನ್ನಡದಲ್ಲಿ ನಾನು ಎಲ್ಲೂ ಓದಿಲ್ಲ. ನನ್ನ ಫೋಟೋಗಳನ್ನು ಬದಲಾಯಿಸಿದ್ದು ಈ ಚೀಲ, ಅದಕ್ಕೇ ಬರೆಯುತ್ತಿದ್ದೇನೆ.

ಕೊಂಡದ್ದು 2019ರಲ್ಲಿ, ಆನ್‌ಲೈನ್‌ನಲ್ಲಿ, 1,450 ರೂಪಾಯಿಗೆ. ಬಂದಾಗ ಖಾಲಿ ಬಟ್ಟೆ. ನಡುವೆ ಸಪೂರ, ಎರಡು ಬದಿಗೆ ಎರಡು ಜೋಳಿಗೆ. ಅಮ್ಮ ಅದನ್ನು ಎತ್ತಿ ನೋಡಿ, "ಇದೇನೇ, ಎತ್ತಿನ ಬೆನ್ನಿಗೆ ಹೇರ್ತಿದ್ದ ಕಂಟಲೆ ಥರ ಇದೆಯಲ್ಲ" ಅಂದರು. ಅದಕ್ಕಿಂತ ಚೆನ್ನಾಗಿ ವಿವರಿಸಲು ನನಗೆ ಬರುವುದಿಲ್ಲ. ಜೀಪಿನ ಪಕ್ಕದ ಕಬ್ಬಿಣದ ಕಂಬಿ ಎತ್ತಿನ ಬೆನ್ನು. ಒಂದು ಜೋಳಿಗೆ ಹೊರಗೆ, ಒಂದು ಒಳಗೆ, ನಡುವಿನ ಹಳ್ಳದಲ್ಲಿ ಲೆನ್ಸ್. ದಿಂಬಿನ ಹಾಗೆ ಒಂದೇ ಚೀಲ ಇರುವವೂ ಸಿಗುತ್ತವೆ. ಅವು ತೆಳು ಕಂಬಿಯ ಮೇಲೆ ನಿಲ್ಲುವುದಿಲ್ಲ, ತೆಗೆದುಕೊಳ್ಳಬೇಡಿ.

ಏನು ತುಂಬುವುದು ಎಂಬುದೇ ಮೊದಲ ಪ್ರಶ್ನೆಯಾಗಿತ್ತು. ಥರ್ಮೋಕೋಲ್ ಗುಂಡು ಹಗುರ ನಿಜ, ಆದರೆ ಲೆನ್ಸಿನ ಭಾರಕ್ಕೆ ಕುಸಿಯುತ್ತದೆ, ಅಲುಗಿಸಿದರೆ ಕಿರುಗುಟ್ಟುತ್ತದೆ. ಜಿಂಕೆ ಕಿವಿ ಈ ಕಡೆ ತಿರುಗಿಸಲು ಅಷ್ಟೇ ಸಾಕು. ಅಕ್ಕಿ ತುಂಬಿದೆ, ಎರಡು ತಿಂಗಳಿಗೆ ಮೂತಿಹುಳು. ಅಲಸಂದೆಯ ಗತಿಯೂ ಅದೇ ಆಯಿತು. ಆಮೇಲೆ ಅಮ್ಮನೇ ಹೇಳಿದರು, "ರಾಗಿ ಹಾಕು, ಅದಕ್ಕೆ ಹುಳ ಹತ್ತಲ್ಲ." ಅವರ ತವರಿನಲ್ಲಿ ಹಗೇವು ಇತ್ತು. ನೆಲದೊಳಗಿನ ಆ ಕಣಜದಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದುದನ್ನು ನೋಡಿ ಬೆಳೆದವರು ಅವರು.

ರಾಗಿ ತುಂಬಿ ಮೊದಲ ಸಲ ಲೆನ್ಸ್ ಇಟ್ಟಾಗ ಆದ ಸಂತೋಷ ನೆನಪಿದೆ. ಕಾಳು ಎಷ್ಟು ಸಣ್ಣದೆಂದರೆ ಲೆನ್ಸ್ ಕೂತ ಕಡೆ ಅದರದೇ ಅಚ್ಚು ಬೀಳುತ್ತದೆ. ಒಂದಿಷ್ಟು ಒತ್ತಿ, ಎಡಕ್ಕೆ ಬಲಕ್ಕೆ ಎರಡು ಸಲ ಹೊರಳಿಸಿದರೆ ಸಾಕು, ಅಡುಗೆಮನೆಯ ಸಿಂಬಿಯ ಮೇಲೆ ಪಾತ್ರೆ ಕೂತಂತೆ ಕೂರುತ್ತದೆ. ಕೈ ಬಿಟ್ಟರೂ ತಿರುಗುವುದಿಲ್ಲ.

ನನ್ನದು 150-600 ಎಂಎಂ ಝೂಮ್ ಲೆನ್ಸ್, ತೂಕ ಸುಮಾರು ಎರಡು ಕೆಜಿ. ಪೂರ್ತಿ ಝೂಮ್ ಮಾಡಿ 600ಕ್ಕೆ ಹೋದಾಗ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, f/6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ನಾಗರಹೊಳೆಯಂಥ ಕಾಡಿನಲ್ಲಿ ಬೆಳಗಿನ ಮೊದಲ ಅರ್ಧ ಗಂಟೆ, ಸಂಜೆಯ ಕೊನೆಯ ಅರ್ಧ ಗಂಟೆ ಬೆಳಕೇ ಇರುವುದಿಲ್ಲ. ಪ್ರಾಣಿ ಕಾಣುವುದು ಹೆಚ್ಚಾಗಿ ಆಗಲೇ. ದೊಡ್ಡ ಅಪರ್ಚರಿನ, ಝೂಮ್ ಇಲ್ಲದ 600ರ ಪ್ರೈಮ್ ಲೆನ್ಸ್ ಇದ್ದವರಿಗೆ ಈ ತಲೆಬಿಸಿ ಕಡಿಮೆ. ಬ್ಯಾಂಕಿನ ಕೌಂಟರಿನಲ್ಲಿ ಕೂತು ದುಡಿಯುವ ನನಗೆ ಆ ಬೆಲೆಯಲ್ಲಿ ಅಮ್ಮನ ಊರಲ್ಲಿ ಒಂದು ಸೈಟು ಬರುತ್ತದೆ. ಹಾಗಾಗಿ ಶಟರ್ ವೇಗ ಇಳಿಸಿ, ಹೆಚ್ಚು ಹೊತ್ತು ಬೆಳಕು ಒಳಬಿಡುವುದೇ ನನ್ನ ದಾರಿ. ಕೈಯಲ್ಲಿ ಹಿಡಿದು 600ರಲ್ಲಿ 1/500 ಸೆಕೆಂಡಿಗಿಂತ ನಿಧಾನಕ್ಕೆ ಇಳಿದರೆ ನನ್ನ ಹತ್ತರಲ್ಲಿ ಎಂಟು ಫೋಟೋ ಮಸುಕು. ಚೀಲದ ಮೇಲೆ, ಎಂಜಿನ್ ಆರಿಸಿದ್ದಾಗ, 1/80ರಲ್ಲೂ ಕೂದಲು ಕೂದಲು ಬಿಡಿಸಿ ಕಾಣುವಂಥ ಫೋಟೋ ಸಿಕ್ಕಿವೆ. ಕಬಿನಿ ಕಡೆಯ ಕಾಡಿನಲ್ಲಿ ಮತ್ತಿ ಮರದ ಕವೆಯಲ್ಲಿ ಕಾಲು ಇಳಿಬಿಟ್ಟು ಮಲಗಿದ್ದ ಚಿರತೆಯದು ಹಾಗೆ ಸಿಕ್ಕಿದ್ದು. ಅದರ ಮೀಸೆಯ ಬುಡದ ಕಪ್ಪು ಚುಕ್ಕಿಗಳನ್ನು ಎಣಿಸಬಹುದು. ನಮ್ಮ ಹಜಾರದಲ್ಲಿ ಈಗ ಅದೊಂದೇ ಫೋಟೋ ಇದೆ.

ಎಂಜಿನ್ ಆರಿಸಿದ್ದಾಗ ಎಂದೆ. ಆ ಮಾತನ್ನು ಬಿಡಬೇಡಿ. ಎಂಜಿನ್ ಓಡುತ್ತಿದ್ದರೆ ಕಂಬಿಯ ನಡುಕ ಚೀಲದೊಳಗೂ ಬರುತ್ತದೆ. ರಾಗಿ ಅದನ್ನು ಕಡಿಮೆ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಜೀಪಿನಲ್ಲಿರುವ ಉಳಿದವರು ಅಲುಗಾಡಿದರೂ ಅಷ್ಟೇ. ಹುಲಿ ಎಂದ ಕೂಡಲೇ ಎಲ್ಲರೂ ಒಂದೇ ಬದಿಗೆ ಎದ್ದು ನಿಂತರೆ ಯಾವ ಚೀಲವೂ ಕಾಪಾಡುವುದಿಲ್ಲ. ಹೊರಡುವ ಮೊದಲೇ ಜೊತೆಗಿದ್ದವರನ್ನು ಕೇಳಿಕೊಳ್ಳುತ್ತೇನೆ: ಪ್ರಾಣಿ ಕಂಡಾಗ ಹತ್ತು ಸೆಕೆಂಡ್ ಯಾರೂ ಅಲುಗುವುದು ಬೇಡ, ಆಮೇಲೆ ಜಾಗ ಬದಲಾಯಿಸೋಣ. ಬಹಳ ಜನ ಒಪ್ಪುತ್ತಾರೆ. ಚೀಲ ಕಂಬಿಯ ಮೇಲೆ ಒಂದೂವರೆ ಆಳಿನ ಜಾಗ ಹಿಡಿಯುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಮಕ್ಕಳಿದ್ದರೆ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಕ್ಯಾಮೆರಾದ ಕಿಂಡಿಯಲ್ಲಿ ಒಮ್ಮೆ ನೋಡಲು ಬಿಡುತ್ತೇನೆ. ಲೆನ್ಸ್ ಚೀಲದಲ್ಲಿ ಗಟ್ಟಿಯಾಗಿ ಕೂತಿರುವುದರಿಂದ ಏಳು ವರ್ಷದ ಮಗುವಿಗೂ ಆನೆಯ ರೆಪ್ಪೆ ಕಾಣುತ್ತದೆ.

ಇನ್ನು ನನ್ನ ಸಿಟ್ಟಿನ ವಿಷಯ.

2022ರ ನವೆಂಬರ್, ನಾಗರಹೊಳೆಯ ದಮ್ಮನಕಟ್ಟೆ ಕಡೆಯ ಸಂಜೆ ಸಫಾರಿ. ಸೀಳುನಾಯಿಗಳ ಹಿಂಡೊಂದು ದಾರಿಯಂಚಿನಲ್ಲಿ ಮಲಗಿತ್ತು. ನಾನು ಚೀಲದ ಮೇಲೆ ಬಾಗಿ ಒಂದು ಮರಿಯ ಮುಖಕ್ಕೆ ಫೋಕಸ್ ಮಾಡುತ್ತಿದ್ದೆ. ಪಾದದ ಮೇಲೆ ಏನೋ ಸಣ್ಣಗೆ ಸುರಿದಂತಾಯಿತು. ನೋಡಿದರೆ ರಾಗಿ. ಒಳಬದಿಯ ಜೋಳಿಗೆಯ ಜಿಪ್ ಹಲ್ಲು ಬಿಟ್ಟುಕೊಂಡಿತ್ತು. ಕೈ ಒತ್ತಿ ಹಿಡಿದಷ್ಟೂ ಬೆರಳ ಸಂದಿನಿಂದ ಸೋರಿತು. ಹೊರಬದಿಯ ಜಿಪ್ ಕಿತ್ತುಕೊಂಡಿದ್ದರೆ ಇಡೀ ರಾಗಿ ಕಾಡಿನ ದಾರಿಗೆ ಬೀಳುತ್ತಿತ್ತು. ಅದನ್ನು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಡ್ರೈವರ್ ಅಣ್ಣ ತಿರುಗಿ ನೋಡಿದರು. ದನಿ ಏರಿಸಲಿಲ್ಲ. "ಮೇಡಂ, ಒಂದು ಕಾಳೂ ಕೆಳಗೆ ಬೀಳಬಾರದು." ಸ್ವಲ್ಪ ದೂರ ಬಂದ ಮೇಲೆ ಇನ್ನೊಂದು ಮಾತು ಹೇಳಿದರು. "ನಮ್ಮೂರಲ್ಲಿ ಈಗ ರಾಗಿ ಕಟಾವಿಗೆ ಬಂದೈತೆ. ಆನೆ ಕಾಯೋಕೆ ನಮ್ಮಣ್ಣ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂರ್ತಾನೆ. ನೀವು ರಾಗಿನ ಆನೆ ಹತ್ರಕ್ಕೇ ತಂದಿದ್ದೀರ."

ನನಗೆ ಅದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಎಚ್.ಡಿ. ಕೋಟೆ, ಸರಗೂರು ಕಡೆಯ ಕಾಡಂಚಿನ ಹೊಲಗಳಲ್ಲಿ ಫಸಲು ತೆನೆಗಟ್ಟಿದ ಮೇಲೆ ರೈತರಿಗೆ ನಿದ್ದೆ ಇಲ್ಲ. ಕಾಡಿನೊಳಗೆ ಆನೆಗೆ ಈ ರುಚಿ ತೋರಿಸಿದರೆ ಅದರ ಬೆಲೆ ತೆರುವವರು ಅವರು. ಗೇಟಿಗೆ ವಾಪಸಾದ ಮೇಲೆ ಮೊಬೈಲ್ ಟಾರ್ಚ್ ಹಾಕಿಕೊಂಡು ಜೀಪಿನ ನೆಲದಿಂದ, ಮ್ಯಾಟ್ ಕೆಳಗಿನಿಂದ, ಸೀಟಿನ ಬೋಲ್ಟ್ ಸಂದಿನಿಂದ ಕಾಳು ಆರಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ಡ್ರೈವರ್ ಅಣ್ಣನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಆರಿಸಿದರು. ಮನೆಗೆ ಹೋಗುವ ಹೊತ್ತು ಮೀರುತ್ತಿದ್ದರೂ ಎದ್ದು ಹೋಗಲಿಲ್ಲ.

ಮಾರಿದವರಿಗೆ ಬರೆದೆ, ಜಿಪ್ಪಿನ ಫೋಟೋ ಕಳಿಸಿದೆ. ಬಂದ ಉತ್ತರದ ಸಾರ ಇಷ್ಟು: ಚೀಲ ಮಾಡಿದ್ದು ಹಗುರವಾದ ಥರ್ಮೋಕೋಲ್ ಗುಂಡಿಗೆ, ಧಾನ್ಯ ತುಂಬಿದರೆ ನಮ್ಮ ಹೊಣೆ ಇಲ್ಲ. ಅವರದೇ ಜಾಹೀರಾತಿನಲ್ಲಿ 'ಅಕ್ಕಿ, ಕಾಳು ಯಾವುದನ್ನಾದರೂ ತುಂಬಿ' ಎಂದಿತ್ತು. ಅದನ್ನೂ ಕಳಿಸಿದೆ. ಆಮೇಲೆ ಉತ್ತರವೇ ಇಲ್ಲ. ಇಂಥ ಚೀಲದ ಜೀವ ಇರುವುದು ಅದರ ಬಾಯಿಯಲ್ಲಿ. ಹೊರಬಟ್ಟೆ ಅಷ್ಟು ಗಟ್ಟಿ ಕೊಟ್ಟು, ಅಡಿಗೆ ಜಾರದ ರಬ್ಬರ್ ಬಟ್ಟೆ ಹಾಕಿ, ಕೊನೆಗೆ ಮಕ್ಕಳ ಪೆನ್ಸಿಲ್ ಪೌಚಿಗೆ ಹಾಕುವ ಜಿಪ್ ಹೊಲಿದಿದ್ದಾರೆ. ಒಳಚೀಲವಂತೂ ಇಲ್ಲವೇ ಇಲ್ಲ. ಆರು ವರ್ಷದಲ್ಲಿ ಈ ಚೀಲದ ಮೇಲಿರುವ ನನ್ನ ದೂರು ಇದೊಂದೇ, ಆದರೆ ಇದು ಸಣ್ಣ ದೂರಲ್ಲ.

ಎಸೆದುಬಿಡಬೇಕು ಎಂದುಕೊಂಡಿದ್ದೆ. ಅಮ್ಮ ಅದನ್ನು ನಮ್ಮ ಬೀದಿ ಕೊನೆಯ ಟೈಲರ್ ಹತ್ತಿರ ಒಯ್ದರು. ಅವರು ಜಿಪ್ ಕಿತ್ತು, ಬಾಯಿಯನ್ನು ಒಂದೂವರೆ ಇಂಚು ಒಳಮಡಚಿ, ಸೂಟ್‌ಕೇಸಿಗೆ ಹಾಕುವ ದಪ್ಪ ಜಿಪ್ ಕೂರಿಸಿದರು. ಅಪ್ಪನ ಹಳೇ ಪಂಚೆಯಲ್ಲಿ ಎರಡು ಒಳಚೀಲ ಮಾಡಿದರು. ಹೊಲಿಗೆ ಜೋಡಿ, ಬಾಯಿಗೆ ಜಿಪ್ಪೇ ಇಲ್ಲ. ಲಂಗದ ದಾರದ ಹಾಗೆ ಲಾಡಿ ಎಳೆದು ಗಂಟು ಹಾಕುವುದು. ಎಲ್ಲ ಸೇರಿ 180 ರೂಪಾಯಿ. ಪಂಚೆಯ ನೇಯ್ಗೆ ಎಷ್ಟು ಒತ್ತಾಗಿದೆ ಎಂದರೆ ಮೂರು ವರ್ಷದಲ್ಲಿ ಒಂದು ಕಾಳು ಆಚೆ ಬಂದಿಲ್ಲ. ಕಾಡಿಗೆ ಹೊರಡುವ ಹಿಂದಿನ ರಾತ್ರಿ ಗಂಟು ಬಿಗಿಯುವಾಗ ಅಪ್ಪನ ಪಂಚೆಯ ಜರಿಯಂಚು ಬೆರಳಿಗೆ ತಾಕುತ್ತದೆ. ಅವರು ಕಾಡು ನೋಡಿದವರಲ್ಲ. ಈಗ ಪ್ರತಿ ಸಲ ಬರುತ್ತಾರೆ.

ರಾಗಿಯನ್ನೇ ಬಿಡಬೇಕೇ ಎಂದೂ ಯೋಚಿಸಿದೆ. ಪ್ಲಾಸ್ಟಿಕ್ ಕಾಳು ಸಿಗುತ್ತದೆ, ಹುಳು ಹತ್ತುವುದಿಲ್ಲ, ತೊಳೆಯಬಹುದು. ಆದರೆ ಅಕಸ್ಮಾತ್ ಚೆಲ್ಲಿದರೆ ರಾಗಿಯನ್ನು ಹಕ್ಕಿ ತಿನ್ನುತ್ತದೆ, ಇಲ್ಲ ಮಣ್ಣಾಗುತ್ತದೆ. ಪ್ಲಾಸ್ಟಿಕ್ ಅಲ್ಲೇ ಇರುತ್ತದೆ. ಆದ್ದರಿಂದ ರಾಗಿಯನ್ನೇ ಉಳಿಸಿಕೊಂಡು, ತುಂಬುವ ಮೊದಲು ಬಾಣಲೆಯಲ್ಲಿ ಹುರಿಯುತ್ತೇನೆ. ಹುರಿದ ಕಾಳು ಮೊಳೆಯುವುದಿಲ್ಲ. ಹುರಿದ ದಿನ ಮನೆಯೆಲ್ಲ ಹುರಿಹಿಟ್ಟಿನ ಘಮ. ಆ ವಾಸನೆಯನ್ನು ಕಾಡಿಗೆ ಒಯ್ಯಬಾರದೆಂದು ಒಂದು ವಾರ ನೆರಳಲ್ಲಿ ಹರವಿ ಆಮೇಲೆ ತುಂಬುತ್ತೇನೆ. ಅಷ್ಟಾದರೂ, ಆನೆ ಹತ್ತಿರ ಬಂದರೆ ಚೀಲವನ್ನು ಕಂಬಿಯಿಂದ ಇಳಿಸಿ ಕಾಲ ಬಳಿ ಇಟ್ಟುಬಿಡುತ್ತೇನೆ. ಅಷ್ಟು ಹತ್ತಿರ ಬಂದ ಆನೆಗೆ 600ರ ಲೆನ್ಸ್ ಬೇಕಾಗುವುದೂ ಇಲ್ಲ.

ದೂರದ ಊರಿಗೆ ಹೋಗುವಾಗ ಈ ಚೀಲದ ಸುಖವೇ ಬೇರೆ. ಮಹಾರಾಷ್ಟ್ರದ ತಾಡೋಬಾ ಹುಲಿ ಕಾಡಿಗೆ ಹೋದಾಗ ಮಡಚಿ ಬಟ್ಟೆಗಳ ನಡುವೆ ಇಟ್ಟೆ. ಬಲ್ಲಾರ್‌ಶಾದಲ್ಲಿ ರೈಲು ಇಳಿದು ಕಿರಾಣಿ ಅಂಗಡಿಯಲ್ಲಿ ಜೋಳ ಕೊಂಡು ತುಂಬಿದೆ. ಜೋಳದ ಕಾಳು ರಾಗಿಯಷ್ಟು ಒತ್ತಾಗಿ ಕೂರುವುದಿಲ್ಲ, ಲೆನ್ಸ್ ಹೊರಳಿಸಿದಾಗ ಸಣ್ಣಗೆ ಸದ್ದು ಬರುತ್ತದೆ, ಆದರೂ ನಾಲ್ಕು ಸಫಾರಿಗೆ ತೊಂದರೆ ಕೊಡಲಿಲ್ಲ. ಬರುವಾಗ ಜೋಳವನ್ನು ಉಳಿದುಕೊಂಡಿದ್ದ ಮನೆಯವರಿಗೆ ಕೊಟ್ಟೆ. ಅವರ ಕೋಳಿಗಳಿಗೆ ಆಯಿತು.

ಹಾರುವ ಹಕ್ಕಿಗೆ ಮಾತ್ರ ಇದು ಉಪಯೋಗವಿಲ್ಲ. ಭದ್ರಾ ಹಿನ್ನೀರಿನಲ್ಲಿ ಬೇಸಿಗೆಗೆ ನೀರಿಳಿದು ನಡುಗಡ್ಡೆಗಳು ಎದ್ದಾಗ ರಿವರ್ ಟರ್ನ್ ಎಂಬ ಹಕ್ಕಿಗಳು ಮೊಟ್ಟೆ ಇಡುತ್ತವೆ. ದೋಣಿಯ ಸುತ್ತ ಅವು ಮೀನು ಕಚ್ಚಿಕೊಂಡು ಹಾರುವುದನ್ನು ಹಿಡಿಯಲು ಲೆನ್ಸನ್ನು ಕೈಯಲ್ಲೇ ಎತ್ತಬೇಕು. ಅಲ್ಲಿ ಚೀಲ ಮೊಣಕೈಗೆ ಆಸರೆ, ಅಷ್ಟೇ. ರಂಗನತಿಟ್ಟಿನಲ್ಲಿ ಹಾಗಲ್ಲ. 2025ರ ನವೆಂಬರಿನಲ್ಲಿ ಹುಲಿ ದಾಳಿಗೆ ರೈತರು ಜೀವ ಕಳೆದುಕೊಂಡು ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿ ನಿಲ್ಲಿಸಿದಾಗ, ಬುಕಿಂಗ್ ಹೋಯಿತೆಂದು ಬೇಸರಪಡಲು ನನಗೆ ಮನಸ್ಸಾಗಲಿಲ್ಲ. ಅಟ್ಟಣೆಯ ಮೇಲೆ ಕೂತ ಡ್ರೈವರ್ ಅಣ್ಣನ ಅಣ್ಣನೇ ಕಣ್ಣ ಮುಂದೆ ಬರುತ್ತಿದ್ದ. ಆ ದಿನಗಳಲ್ಲಿ ಭಾನುವಾರಗಳಂದು ಚೀಲ ಹೊತ್ತು ರಂಗನತಿಟ್ಟಿಗೆ ಹೋದೆ. ದೋಣಿಯ ಅಂಚಿನ ಮೇಲೆ ಅದನ್ನು ಹಾಸಿ ಲೆನ್ಸ್ ಇಟ್ಟರೆ ನೀರಿನ ಮಟ್ಟಕ್ಕೆ ಬರುತ್ತದೆ. ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯನ್ನು ಮೇಲಿನಿಂದ ಅಲ್ಲ, ಎದುರಿನಿಂದ ನೋಡಿದ ಹಾಗೆ. ಆರು ವರ್ಷ ಹುಲಿ, ಚಿರತೆ ಎಂದು ಓಡಾಡಿದವಳಿಗೆ ಮೈಸೂರಿನಿಂದ ಅರ್ಧ ಗಂಟೆಯ ದೂರದಲ್ಲಿ ಇಂಥದ್ದು ಕಾದಿತ್ತು.

ಕೊಳ್ಳಬೇಕೇ ಎಂದು ಕೇಳಿದರೆ, ನಾನು ಕೊಂಡ ಕಡೆ ಬೇಡ. ಒಳಚೀಲ ಬೇರೆ ಇರುವುದು, ಜಿಪ್ಪಿನ ಹಲ್ಲು ದಪ್ಪ ಇರುವುದು ಸಿಕ್ಕರೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಗಟ್ಟಿ ಕ್ಯಾನ್ವಾಸ್ ಒಂದು ಮೀಟರ್ ತಂದು ಹೊಲಿಸಿ. ಸಹೋದ್ಯೋಗಿಯೊಬ್ಬರಿಗಾಗಿ ನಮ್ಮ ಟೈಲರ್ ಹೋದ ತಿಂಗಳು ನನ್ನ ಚೀಲದ ಅಳತೆ ನೋಡಿ ಹೊಸದೊಂದು ಹೊಲಿದರು. ಬಟ್ಟೆ, ಕೂಲಿ ಸೇರಿ 520 ರೂಪಾಯಿ ಆಯಿತು. ನಡುವಿನ ಹಳ್ಳವನ್ನು ನನ್ನದಕ್ಕಿಂತ ಎರಡು ಬೆರಳು ಅಗಲ ಮಾಡಿದ್ದಾರೆ, ಲೆನ್ಸ್ ಅದರಲ್ಲಿ ಇನ್ನೂ ಚೆನ್ನಾಗಿ ಕೂರುತ್ತದೆ.

ಮಹಡಿ ಮೇಲಿನ ರಾಗಿ ಒಣಗಿದೆ. ಹಳೆಯದನ್ನು ಗುಬ್ಬಚ್ಚಿಗಳಿಗೆ ಬಿಟ್ಟು, ಈ ಸಲ ಹೊಸದು ತುಂಬುತ್ತೇನೆ. ಅಮ್ಮ ನನ್ನ ಚೀಲಕ್ಕೂ ಸಹೋದ್ಯೋಗಿಯ ಹೊಸ ಚೀಲಕ್ಕೂ ಸೇರಿಸಿ ಏಳು ಕೆಜಿ ಅಳೆದು, ಕಲ್ಲು ಆರಿಸಿ ಇಟ್ಟಿದ್ದಾರೆ.