ಕ್ಯಾಲಿಫೋರ್ನಿಯಾ ಬಿಟ್ಟು ಬಂದವರ ರಾಜ್ಯ ತೆರಿಗೆ: ಬೆಂಗಳೂರಿನಲ್ಲಿ ಕೂತು ಯಾರ ಕೈಲಿ ಮಾಡಿಸಬೇಕು?

ಅಮೆರಿಕದಿಂದ ಬೆಂಗಳೂರಿಗೆ ವಾಪಸಾದರೂ ಅಲ್ಲಿನ ಹಣ ತಕ್ಷಣಕ್ಕೆ ನಿಲ್ಲುವುದಿಲ್ಲ. ಹಳೆಯ ಆರ್‌ಎಸ್‌ಯು (ಕಂಪನಿ ಕೊಡುತ್ತೇನೆಂದು ಒಪ್ಪಿದ ಷೇರು) ವೆಸ್ಟ್ ಆಗುತ್ತದೆ, ಅಂದರೆ ಕೈಗೆ ಬರುತ್ತದೆ, ಹಿಂದಿನ ವರ್ಷದ ಬೋನಸ್ ಬರುತ್ತದೆ, ಮನೆ ಬಿಟ್ಟು ಬಂದಿದ್ದರೆ ಬಾಡಿಗೆ, ಕೆಲವೊಮ್ಮೆ ರಾಜ್ಯದಿಂದಲೇ ರೀಫಂಡ್. ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ರಿಟರ್ನ್ ತುಂಬಿಕೊಡುವವರಿಗೆ ಈ ಊರಲ್ಲಿ ಬರವಿಲ್ಲ. ರಾಜ್ಯದ ರಿಟರ್ನಿನಲ್ಲೇ ಕೆಲಸ ಕೆಡುವುದು. ಹಾಗಾಗಿ ಇಲ್ಲಿ ಸಿಗುವ ಸೇವೆಗಳನ್ನು ರಾಜ್ಯ ಬಿಟ್ಟವರು ತುಂಬುವ ಕ್ಯಾಲಿಫೋರ್ನಿಯಾದ 540ಎನ್‌ಆರ್ ಎಂಬ ಒಂದೇ ಫಾರಂ ಮುಂದಿಟ್ಟು ಅಳೆದಿದ್ದೇವೆ. ಟೆಕ್ಸಾಸ್, ಫ್ಲೋರಿಡಾ, ವಾಷಿಂಗ್ಟನ್‌ನಿಂದ ಬಂದವರಿಗೆ ಸಂಬಳದ ಮೇಲೆ ರಾಜ್ಯ ತೆರಿಗೆಯೇ ಇಲ್ಲ, ಅವರು ನಿಶ್ಚಿಂತರು.

ಮೊದಲು, ಬಿಟ್ಟು ಬಂದ ರಾಜ್ಯ ಯಾವ ಹಣಕ್ಕೆ ಕೈ ಹಾಕಬಹುದು ಎಂಬುದು. ಅಲ್ಲಿ ದುಡಿದದ್ದಕ್ಕೆ ಬರುವ ಬೋನಸ್, ಅಲ್ಲಿನ ಮನೆಯ ಬಾಡಿಗೆ, ಆ ಮನೆ ಮಾರಿದ ಲಾಭ ರಾಜ್ಯದ ಲೆಕ್ಕಕ್ಕೆ ಬರುತ್ತವೆ. ಬ್ಯಾಂಕ್ ಬಡ್ಡಿ, ಡಿವಿಡೆಂಡ್, ಷೇರು ಮಾರಿದ ಲಾಭ ನೀವು ಈಗಿರುವ ಜಾಗದ ಲೆಕ್ಕಕ್ಕೆ. ಖಾತೆ ಸ್ಯಾನ್ ಹೋಸೆಯ ಶಾಖೆಯಲ್ಲಿದೆ ಎನ್ನುವುದು ಮುಖ್ಯವಲ್ಲ. 401ಕೆ, ಐಆರ್‌ಎ ಎಂಬ ನಿವೃತ್ತಿ ಖಾತೆಗಳ ಹಣವನ್ನಂತೂ ಹಳೆಯ ರಾಜ್ಯ ಮುಟ್ಟುವಂತಿಲ್ಲ. 1996ರ ಫೆಡರಲ್ ಕಾನೂನು ಅದನ್ನು ನೇರವಾಗಿ ತಡೆದಿದೆ. ಇಷ್ಟು ಗೊತ್ತಿಲ್ಲದೆ 401ಕೆ ಹಣವನ್ನೂ ಕ್ಯಾಲಿಫೋರ್ನಿಯಾ ಆದಾಯವೆಂದು ತೋರಿಸುವ ಕಚೇರಿಯಾದರೆ ಅಲ್ಲಿಂದಲೇ ಎದ್ದು ಬನ್ನಿ.

ನಿಜವಾದ ಪರೀಕ್ಷೆ ಆರ್‌ಎಸ್‌ಯು. ಗ್ರಾಂಟ್ ಆದ (ಕಂಪನಿ ಷೇರು ಮಂಜೂರು ಮಾಡಿದ) ದಿನದಿಂದ ವೆಸ್ಟ್ ಆದ ದಿನದವರೆಗಿನ ಒಟ್ಟು ಕೆಲಸದ ದಿನಗಳಲ್ಲಿ ಎಷ್ಟು ದಿನ ಕ್ಯಾಲಿಫೋರ್ನಿಯಾದಲ್ಲಿ ದುಡಿದಿರೋ ಆ ಪಾಲು ಮಾತ್ರ ಅದರದು. ಉದಾಹರಣೆಗೆ, 2022ರ ಮಾರ್ಚ್ 1ರಂದು ಗ್ರಾಂಟ್, 2025ರ ಮಾರ್ಚ್ 1ರಂದು ವೆಸ್ಟ್, 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ಬಂದಿದ್ದೀರಿ. ವೆಸ್ಟ್ ಆದ ಮೌಲ್ಯ 30,000 ಡಾಲರ್ ಎಂದಾದರೆ ಸುಮಾರು 20,000 ಡಾಲರ್ ಕ್ಯಾಲಿಫೋರ್ನಿಯಾದ್ದು. ಆದರೆ ಪೇರೋಲ್‌ನವರು ಅಷ್ಟೂ ಹಣವನ್ನು ಡಬ್ಲ್ಯು-2ರ (ವರ್ಷದ ಸಂಬಳ, ಹಿಡಿದ ತೆರಿಗೆ ತೋರಿಸುವ ಪತ್ರ) 16ನೇ ಬಾಕ್ಸಿನಲ್ಲಿ ರಾಜ್ಯದ ಸಂಬಳವೆಂದು ತುಂಬಿ, ಪೂರ್ತಿ ಮೊತ್ತದ ಮೇಲೆ 10.23% ಹಿಡಿದಿರುವುದು ಸಾಮಾನ್ಯ. ಆ 16ನೇ ಬಾಕ್ಸಿನ ಸಂಖ್ಯೆಯನ್ನು ಹಾಗೆಯೇ ಇಳಿಸಿಕೊಂಡರೆ ಹೆಚ್ಚಿನ 10,000 ಡಾಲರ್‌ಗೂ ತೆರಿಗೆ ಕಟ್ಟಿದಂತೆ. ಹೇಳದೆ ಕೇಳದೆ ಕಡಿಮೆ ತೋರಿಸಿದರೆ ಡಬ್ಲ್ಯು-2ಗೆ ತಾಳೆಯಾಗದೆ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡಿನ (ರಾಜ್ಯದ ಆದಾಯ ತೆರಿಗೆ ಇಲಾಖೆ) ನೋಟಿಸ್ ಬರುತ್ತದೆ. ಗ್ರಾಂಟ್‌ವಾರು ದಿನಗಳ ಲೆಕ್ಕದ ಹಾಳೆಯನ್ನು ರಿಟರ್ನಿಗೆ ಲಗತ್ತಿಸಿ, ಸಾಧ್ಯವಾದರೆ ಕಂಪನಿಯಿಂದ ತಿದ್ದಿದ ಡಬ್ಲ್ಯು-2ಸಿ ಕೇಳುವುದೇ ದಾರಿ.

ಇನ್ನೊಂದು ಎಡವಟ್ಟು ಇದಕ್ಕಿಂತ ಹೆಚ್ಚು ಕಾಣುತ್ತದೆ. ತೆರಿಗೆ ಬೀಳುವುದು ಕ್ಯಾಲಿಫೋರ್ನಿಯಾ ಪಾಲಿನ ಮೇಲೆ ಮಾತ್ರ, ಆದರೆ ದರ ನಿಗದಿಯಾಗುವುದು ಇಡೀ ಜಗತ್ತಿನ ಆದಾಯದ ಮೇಲೆ. ಬೆಂಗಳೂರಿನ ಸಂಬಳವೂ ಅದರಲ್ಲಿ ಸೇರಬೇಕು. 540ಎನ್‌ಆರ್ ಜೊತೆಯ ಶೆಡ್ಯೂಲ್ ಸಿಎಯ ಡಿ ಕಾಲಂನಲ್ಲಿ ಒಟ್ಟು ಆದಾಯ, ಇ ಕಾಲಂನಲ್ಲಿ ಕ್ಯಾಲಿಫೋರ್ನಿಯಾದ್ದು. ಎರಡೂ ಒಂದೇ ಆಗಿದ್ದರೆ ತಯಾರಿಸಿದವರಿಗೆ ಫಾರಂ ಅರ್ಥವಾಗಿಲ್ಲ. ಭಾರತ–ಅಮೆರಿಕ ತೆರಿಗೆ ಒಪ್ಪಂದದ ವಿನಾಯಿತಿಗಳನ್ನು ಕ್ಯಾಲಿಫೋರ್ನಿಯಾ ಒಪ್ಪುವುದೂ ಇಲ್ಲ.

ಇನ್ನು ಸೇವೆಗಳ ವಿಷಯ. ಟರ್ಬೋಟ್ಯಾಕ್ಸ್ ಸಾಫ್ಟ್‌ವೇರ್ ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರುವವರಿಗೆ ಸರಿ. ಎಚ್-1ಬಿ ಮುಗಿಸಿ ಬಂದವರಿಗೆ ಬೇಕಾದ 1040ಎನ್‌ಆರ್ (ಅನಿವಾಸಿಗಳ ಫೆಡರಲ್ ಫಾರಂ) ಅದರಲ್ಲಿಲ್ಲ. ಅದಿಲ್ಲದೆ 1040 ತುಂಬಿ ಕಳಿಸಿದರೆ ಫೆಡರಲ್ ತಪ್ಪಾಗುತ್ತದೆ, ಅದರ ಮೇಲೆ ನಿಂತ ರಾಜ್ಯದ ಫಾರಮ್ಮೂ ತಪ್ಪಾಗುತ್ತದೆ. ಸ್ಪ್ರಿನ್‌ಟ್ಯಾಕ್ಸ್ ಇರುವುದೇ 1040ಎನ್‌ಆರ್‌ಗೆ, ರಾಜ್ಯದ ರಿಟರ್ನಿಗೆ ಬೇರೆ ಶುಲ್ಕ. ಆದರೆ ಆರ್‌ಎಸ್‌ಯು ದಿನಗಳ ಪಾಲನ್ನು ಯಾವ ಸಾಫ್ಟ್‌ವೇರೂ ತಾನಾಗಿ ಊಹಿಸದು, ಲೆಕ್ಕ ಹಾಕಿ ತುಂಬಬೇಕಾದವರು ನೀವೇ. ಒಂದೇ ಗ್ರಾಂಟ್, ಬಾಡಿಗೆ ಇಲ್ಲ ಎಂದರೆ ಸಾಫ್ಟ್‌ವೇರ್ ಸಾಕು.

ಜಯನಗರ, ಕೋರಮಂಗಲದ ಕಡೆಯ ಅಮೆರಿಕ ತೆರಿಗೆ ಕಚೇರಿಗಳಲ್ಲಿ ಗುಣಮಟ್ಟ ಒಂದೇ ತೆರನಾಗಿಲ್ಲ. ಹಣ ಪಡೆದು ಫೆಡರಲ್ ರಿಟರ್ನ್ ತಯಾರಿಸುವವರಿಗೆ ಪಿಟಿಐಎನ್ (ಅಮೆರಿಕದ ತೆರಿಗೆ ಇಲಾಖೆ ಕೊಡುವ ನೋಂದಣಿ ಸಂಖ್ಯೆ) ಇರಬೇಕು, ರಿಟರ್ನಿನಲ್ಲಿ ಅವರ ಸಹಿ ಇರಬೇಕು. ಫೀಸು ಪಡೆದು, ನೀವೇ ತುಂಬಿದಂತೆ ‘ಸೆಲ್ಫ್ ಪ್ರಿಪೇರ್ಡ್’ ಎಂದು ಕಳಿಸುವ ಕಡೆ ಹೋಗಬೇಡಿ, ನೋಟಿಸ್ ಬಂದ ದಿನ ಅವರು ಫೋನ್ ಎತ್ತುವುದಿಲ್ಲ. ಎನ್‌ರೋಲ್ಡ್ ಏಜೆಂಟ್ (ಆ ಇಲಾಖೆಯ ಮಾನ್ಯತೆ ಪಡೆದ ತೆರಿಗೆ ತಜ್ಞ) ಇರುವ ಕಚೇರಿಗೆ ಕೊಂಚ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ವರ್ಗಾವಣೆಯ ಜೊತೆ ಕಂಪನಿಯೇ ಕೊಡಿಸುವ ತೆರಿಗೆ ಸಹಾಯ ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಪೇರೋಲ್ ದಾಖಲೆ ಅವರ ಕೈಲೇ ಇರುತ್ತದೆ. ಕೊರತೆಯೆಂದರೆ ಅದು ಬಹುಮಟ್ಟಿಗೆ ಒಂದೆರಡು ವರ್ಷಕ್ಕೆ ಮುಗಿಯುತ್ತದೆ, ಗ್ರಾಂಟ್‌ಗಳು ನಾಲ್ಕು ವರ್ಷ ಎಳೆಯುತ್ತವೆ.

ಸಾಫ್ಟ್‌ವೇರ್, ಕಚೇರಿ, ಕಂಪನಿ ಮೂರೂ ಕಡೆ ನಿರಾಸೆ ಕಾಯುವುದು ಭಾರತದ ರಿಟರ್ನಿನಲ್ಲಿ. ಆರ್‌ಎನ್‌ಒಆರ್ (ವಾಪಸಾದ ಮೊದಲ ಕೆಲ ಕಾಲದ ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಸ್ಥಾನ) ಆಗಿರುವವರೆಗೆ ಅಮೆರಿಕದಲ್ಲಿ ಹುಟ್ಟಿದ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲ. ಆ ಗಡುವು ಮುಗಿದ ಮೇಲೆ ಕ್ಯಾಲಿಫೋರ್ನಿಯಾಗೆ ಕಟ್ಟಿದ್ದಕ್ಕೆ ಕ್ರೆಡಿಟ್ (ಇಲ್ಲಿನ ತೆರಿಗೆಯಲ್ಲಿ ವಜಾ) ಬೇಕು. ಒಪ್ಪಂದದಲ್ಲಿರುವುದು ಫೆಡರಲ್ ತೆರಿಗೆ ಮಾತ್ರ ಎಂದು ಹೇಳಿ ಎಷ್ಟೋ ಸಿಎಗಳು ರಾಜ್ಯದ ತೆರಿಗೆಯನ್ನು ಬಿಟ್ಟೇಬಿಡುತ್ತಾರೆ. ಆದರೆ ವಿಪ್ರೋ ಪ್ರಕರಣದಲ್ಲಿ 2015ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ, 1961ರ ಕಾಯ್ದೆಯ 91ನೇ ಸೆಕ್ಷನ್ ಅಡಿ ಅಮೆರಿಕದ ರಾಜ್ಯಗಳಿಗೆ ಕಟ್ಟಿದ ಆದಾಯ ತೆರಿಗೆಗೂ ಕ್ರೆಡಿಟ್ ಸಿಗಬೇಕೆಂದು ಹೇಳಿದೆ. ಅಧಿಕಾರಿ ತಕರಾರು ತೆಗೆಯಬಹುದು; ಕೇಳದೆ ಬಿಡಲು ಅದು ಕಾರಣವಲ್ಲ. 1961ರ ಕಾಯ್ದೆ ಅನ್ವಯಿಸುವ, 2025–26ರವರೆಗಿನ ವರ್ಷಗಳಿಗೆ ಭಾರತದ ರಿಟರ್ನಿನ ಶೆಡ್ಯೂಲ್ ಟಿಆರ್‌ನಲ್ಲಿ ಫೆಡರಲ್‌ಗೆ ಸೆಕ್ಷನ್ 90, ರಾಜ್ಯಕ್ಕೆ 91 ಎಂದು ಬೇರೆ ಬೇರೆ ತೋರಿಸಿ, ಈ ಕ್ರೆಡಿಟ್ ಕೇಳುವ ಫಾರಂ 67 ಸಲ್ಲಿಸಬೇಕು. ಡಾಲರನ್ನು ರೂಪಾಯಿಗೆ ತಿರುಗಿಸುವಾಗ ತೆರಿಗೆ ಕಟ್ಟಿದ ಅಥವಾ ಹಿಡಿದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ಎಸ್‌ಬಿಐ ಟಿಟಿ ಖರೀದಿ ದರ. ಅಲ್ಲಿನ ವರ್ಷ ಜನವರಿಯಿಂದ, ಇಲ್ಲಿನದು ಏಪ್ರಿಲ್‌ನಿಂದ; ಒಂದೇ ಡಬ್ಲ್ಯು-2 ಇಲ್ಲಿನ ಎರಡು ರಿಟರ್ನಿಗೆ ಹಂಚಿಹೋಗುತ್ತದೆ. ಈ ಹಂಚಿಕೆಯನ್ನು ಹೇಗೆ ಮಾಡುತ್ತೀರಿ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಸ್ಪಷ್ಟ ಉತ್ತರ ಬಂದರೆ ಕೆಲಸ ಕೊಡಿ.

ರಾಜ್ಯದ ರೀಫಂಡಿನ ಮೇಲೆ ಕ್ಯಾಲಿಫೋರ್ನಿಯಾ ತಾನೇ ತೆರಿಗೆ ಹಾಕುವುದಿಲ್ಲ. ಫೆಡರಲ್‌ನಲ್ಲಿ ಮಾತ್ರ ಹುಷಾರಾಗಿರಿ: 1040ಎನ್‌ಆರ್ ತುಂಬುವವರಿಗೆ, ಭಾರತೀಯ ವಿದ್ಯಾರ್ಥಿಗಳನ್ನು ಬಿಟ್ಟರೆ, ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ. ಹಿಂದಿನ ವರ್ಷ ರಾಜ್ಯ ತೆರಿಗೆಯನ್ನು ಕಳೆದು ತೋರಿಸಿದ್ದರೆ ಈ ವರ್ಷದ ರೀಫಂಡ್ ಆದಾಯವಾಗಬಹುದು, 1099-ಜಿ (ರೀಫಂಡ್ ಮೊತ್ತ ತೋರಿಸುವ ಪತ್ರ) ನೋಡಿ. ಆ ರೀಫಂಡ್ ನೇರವಾಗಿ ಜಮೆಯಾಗುವುದು ಅಮೆರಿಕದ ಬ್ಯಾಂಕ್ ಖಾತೆಗೆ ಮಾತ್ರ. ಎಲ್ಲ ಗ್ರಾಂಟ್ ಮುಗಿದು ಕೊನೆಯ ರಿಟರ್ನಿನ ರೀಫಂಡ್ ಬರುವವರೆಗೆ ಅಲ್ಲಿನ ಖಾತೆ ಮುಚ್ಚಬೇಡಿ.